ವಿಂಡೋಸ್ ಹೊಸದಾಯಿತು, ಇ-ಮೇಲ್ ನಿಂತಿತು: ಖಾತೆ ಅಳಿಸುವ ಮುನ್ನ ಪತ್ರಗಳು ಎಲ್ಲಿವೆ ನೋಡಿ

ಶಿಕಾರಿಪುರ/ಸೊರಬ: ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹಳೆಯ ಗಣಕಯಂತ್ರಕ್ಕೆ ವಿಂಡೋಸ್ 11 ಹಾಕಿಸಿಕೊಳ್ಳುವುದು, ಆಗದಿದ್ದರೆ ಹೊಸ ಯಂತ್ರವನ್ನೇ ಕೊಳ್ಳುವುದು ಅಂದಿನಿಂದ ಅನೇಕರಿಗೆ ಅನಿವಾರ್ಯವಾಗಿದೆ. ಅಡಿಕೆ ವ್ಯಾಪಾರಿಯ ಮಂಡಿ, ವಕೀಲರ ಕಚೇರಿ, ಖಾಸಗಿ ಶಾಲೆ, ಡಿಟಿಪಿ ಕೇಂದ್ರ, ಸಹಕಾರ ಸಂಘ - ಹತ್ತು ಹದಿನೈದು ವರ್ಷ ಒಂದೇ ಯಂತ್ರದಲ್ಲಿ ವ್ಯವಹಾರ ನಡೆಸಿದವರೆಲ್ಲರೂ ಈ ಸಾಲಿನಲ್ಲಿದ್ದಾರೆ.

ಅಂಗಡಿಯಿಂದ ಯಂತ್ರ ಮರಳಿ ಬಂದಾಗ ಚಿತ್ರಗಳು ಇರುತ್ತವೆ, ಲೆಕ್ಕದ ಕಡತಗಳು ಇರುತ್ತವೆ, ಮುದ್ರಣಯಂತ್ರವೂ ಹೇಗೋ ಕೆಲಸ ಮಾಡುತ್ತದೆ. ಇ-ಮೇಲ್ ಮಾತ್ರ ಬರುವುದಿಲ್ಲ. 'ಸರ್ವರ್‌ಗೆ ಸಂಪರ್ಕ ಸಾಧ್ಯವಾಗಲಿಲ್ಲ' ಎಂಬ ಒಂದು ಸಾಲು ಪರದೆಯ ಮೇಲೆ ಮೂಡಿ ನಿಲ್ಲುತ್ತದೆ. ಇಲ್ಲವೇ ಗುಪ್ತಪದ ಕೇಳುವ ಪುಟ್ಟ ಕಿಟಕಿಯೊಂದು ಎಷ್ಟು ಸಲ ತುಂಬಿದರೂ ಮತ್ತೆ ಮತ್ತೆ ತೆರೆದುಕೊಳ್ಳುತ್ತದೆ. ಇಂತಹ ವೇಳೆ ತಿಳಿದವರು, ಅರೆತಿಳಿದವರು ಎಲ್ಲರೂ ಕೊಡುವ ಮೊದಲ ಸಲಹೆ ಒಂದೇ: 'ಖಾತೆ ತೆಗೆದುಹಾಕಿ, ಮತ್ತೆ ಸೇರಿಸಿ'. ಅನೇಕ ಸಂದರ್ಭಗಳಲ್ಲಿ ಈ ಸಲಹೆ ಫಲ ಕೊಡುವುದೂ ಉಂಟು. ಆದರೆ ಕೆಲವು ಬಗೆಯ ಖಾತೆಗಳಲ್ಲಿ ಆ ಒಂದು ಗುಂಡಿ ಒತ್ತಿದೊಡನೆ ಹತ್ತು ವರ್ಷದ ಪತ್ರವ್ಯವಹಾರ ಕಣ್ಮರೆಯಾಗುವ ಸಂಭವವಿದೆ. ಆದ್ದರಿಂದ ಸಂಪರ್ಕ ಸರಿಪಡಿಸುವ ಕೆಲಸಕ್ಕೆ ಕೈಹಾಕುವ ಮೊದಲು, ಇದುವರೆಗಿನ ಪತ್ರಗಳು ಯಾವ ಸ್ಥಳದಲ್ಲಿವೆ ಎಂಬುದನ್ನು ಕಂಡುಕೊಳ್ಳುವುದು ಅತ್ಯಗತ್ಯ.

ಪತ್ರ ಅಂಚೆ ಕಚೇರಿಯಲ್ಲೋ, ಮನೆಯಲ್ಲೋ?

ಇ-ಮೇಲ್ ಪಡೆಯಲು ಎರಡು ಪದ್ಧತಿಗಳಿವೆ. ಒಂದರ ಹೆಸರು ಪಾಪ್, ಇನ್ನೊಂದರ ಹೆಸರು ಐಮ್ಯಾಪ್. ಪಾಪ್ ಪದ್ಧತಿಯು ನಮ್ಮ ಊರ ಅಂಚೆಯಣ್ಣನಂತೆ. ಶಿರಾಳಕೊಪ್ಪದ ಅಂಚೆ ಕಚೇರಿಗೆ ಬಂದ ಕಾಗದವನ್ನು ಆತ ಮನೆಗೆ ತಂದು ಕೊಟ್ಟ ಮೇಲೆ ಕಚೇರಿಯಲ್ಲಿ ಅದರ ಪ್ರತಿ ಉಳಿಯುವುದಿಲ್ಲ. ಮನೆಯ ಕಪಾಟು ಸುಟ್ಟರೆ ಕಾಗದವೂ ಹೋಯಿತು. ಐಮ್ಯಾಪ್ ಪದ್ಧತಿಯಲ್ಲಿ ಕಾಗದವು ಅಂಚೆ ಕಚೇರಿಯ ಪೆಟ್ಟಿಗೆಯಲ್ಲೇ ಇರುತ್ತದೆ. ನಾವು ಗಣಕಯಂತ್ರದಲ್ಲೋ ಮೊಬೈಲ್‌ನಲ್ಲೋ ಕಾಣುವುದು ಅದೇ ಪೆಟ್ಟಿಗೆಯೊಳಗಿನ ನೋಟ. ಯಂತ್ರ ಕೆಟ್ಟರೂ ಪತ್ರಗಳಿಗೆ ಹಾನಿಯಿಲ್ಲ.

ಹಾಗಿದ್ದ ಮೇಲೆ ಪಾಪ್ ಪದ್ಧತಿಯನ್ನು ಯಾಕಾದರೂ ಆರಿಸಿಕೊಂಡರು ಎಂದು ಕೇಳಬಹುದು. ಉತ್ತರ ದೂರವಾಣಿ ಬಿಲ್ಲಿನಲ್ಲಿದೆ. ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭಿಸಿತು. ಬಿಎಸ್‌ಎನ್‌ಎಲ್‌ನ ಸಂಚಾರ್‌ನೆಟ್ ತಾಲೂಕು ಪಟ್ಟಣಗಳಿಗೆ ಬಂದ ಕಾಲದಲ್ಲಿ ಸ್ಥಿರ ದೂರವಾಣಿಯ ಮೂಲಕ 'ಡಯಲ್' ಮಾಡಿ ಸಂಪರ್ಕ ಪಡೆಯಬೇಕಿತ್ತು. ಸಂಪರ್ಕದಲ್ಲಿದ್ದಷ್ಟು ಹೊತ್ತೂ ಕರೆಯ ಶುಲ್ಕ ಏರುತ್ತಿತ್ತು. ಬೇಗ ಸಂಪರ್ಕಿಸಿ, ಪತ್ರಗಳನ್ನು ಇಳಿಸಿಕೊಂಡು, ಫೋನ್ ಇಟ್ಟ ಮೇಲೆ ನಿಧಾನವಾಗಿ ಓದುವುದು ಜಾಣತನವಾಗಿತ್ತು. ಸರ್ವರ್‌ನಲ್ಲಿ ಸಿಗುತ್ತಿದ್ದ ಜಾಗವೂ ಕೆಲವೇ ಮೆಗಾಬೈಟ್. ಅಂದು ಯಾರೋ ಹೊಂದಿಸಿಕೊಟ್ಟ ಪಾಪ್ ಖಾತೆಯನ್ನು ಬ್ರಾಡ್‌ಬ್ಯಾಂಡ್ ಬಂದ ಮೇಲೂ, ಫೈಬರ್ ಬಂದ ಮೇಲೂ ಯಾರೂ ಬದಲಿಸಲಿಲ್ಲ. ಕೆಲಸ ಮಾಡುತ್ತಿದ್ದುದನ್ನು ಮುಟ್ಟುವುದೇಕೆ?

ತಮ್ಮದು ಯಾವ ಪದ್ಧತಿ ಎಂಬುದನ್ನು ತಿಳಿಯುವುದು ಸುಲಭ. ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ತಂತ್ರಾಂಶದಲ್ಲಿ ಖಾತೆಯ ವಿವರ, ಅಂದರೆ 'ಅಕೌಂಟ್ ಸೆಟ್ಟಿಂಗ್ಸ್' ತೆರೆದರೆ ಹೆಸರಿನ ಪಕ್ಕದಲ್ಲಿ ಪಾಪ್ ಅಥವಾ ಐಮ್ಯಾಪ್ ಎಂದು ನಮೂದಾಗಿರುತ್ತದೆ. ಪಾಪ್ ಎಂದಿದ್ದರೆ ಅಲ್ಲಿಗೆ ನಿಲ್ಲಿಸಬೇಕು. 'ಸರ್ವರ್‌ನಲ್ಲಿ ಪ್ರತಿ ಉಳಿಸು' ಎಂಬ ಆಯ್ಕೆಗೆ ಗುರುತು ಹಾಕಿದ್ದರೆ ಪುಣ್ಯ. ಆದರೂ ಅದನ್ನು ನಂಬಿ ಕೂರಬಾರದು, ಏಕೆಂದರೆ ಹದಿನಾಲ್ಕು ದಿನಗಳ ಬಳಿಕ ಅಳಿಸು ಎಂಬ ಉಪಆಯ್ಕೆಯೂ ಅದರ ಕೆಳಗೇ ಇರುತ್ತದೆ. ಪರೀಕ್ಷೆಗೆ ಇನ್ನೂ ಸರಳ ದಾರಿಯೆಂದರೆ ಬ್ರೌಸರ್‌ನಲ್ಲಿ ಅದೇ ಖಾತೆಯನ್ನು ತೆರೆದು ನೋಡುವುದು. ಐದು ವರ್ಷದ ಹಿಂದಿನ ಪತ್ರ ಅಲ್ಲಿ ಕಂಡರೆ ಅಂಚೆ ಕಚೇರಿಯಲ್ಲಿ ಪ್ರತಿ ಇದೆ. ಕಾಣದಿದ್ದರೆ ಇರುವ ಏಕೈಕ ಪ್ರತಿ ಯಂತ್ರದೊಳಗಿನದು.

ಹತ್ತು ದಿನಗಳ ಗಡುವು

ಯಂತ್ರದೊಳಗೆ ಎಂದರೆ ಎಲ್ಲಿ? ಔಟ್‌ಲುಕ್‌ನ ಇತ್ತೀಚಿನ ಆವೃತ್ತಿಗಳಲ್ಲಿ ಪಾಪ್ ಪತ್ರಗಳು ಸಾಮಾನ್ಯವಾಗಿ 'ಡಾಕ್ಯುಮೆಂಟ್ಸ್' ಒಳಗಿನ 'ಔಟ್‌ಲುಕ್ ಫೈಲ್ಸ್' ಕೋಶದಲ್ಲಿ, ಪಿಎಸ್‌ಟಿ ಎಂಬ ವಿಸ್ತರಣೆಯುಳ್ಳ ಒಂದೇ ದೊಡ್ಡ ಕಡತವಾಗಿ ಇರುತ್ತವೆ. ಇನ್ನೂ ಹಳೆಯ ಆವೃತ್ತಿಗಳಲ್ಲಿ ಅದು 'ಆಪ್‌ಡೇಟಾ' ಎಂಬ ಅಡಗಿಸಿಟ್ಟ ಕೋಶದಲ್ಲಿರುತ್ತದೆ. ಔಟ್‌ಲುಕ್ ಎಕ್ಸ್‌ಪ್ರೆಸ್‌ನ ಪತ್ರಗಳು ಡಿಬಿಎಕ್ಸ್ ಕಡತಗಳಾಗಿಯೂ, ವಿಂಡೋಸ್ ಲೈವ್ ಮೇಲ್‌ನ ಪತ್ರಗಳು ಒಂದೊಂದೂ ಪ್ರತ್ಯೇಕ ಇಎಂಎಲ್ ಕಡತವಾಗಿಯೂ ಇರುತ್ತವೆ. ಇವನ್ನು ಕಂಡುಹಿಡಿದು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು. ನಕಲು ಮಾಡುವಾಗ ಇ-ಮೇಲ್ ತಂತ್ರಾಂಶವನ್ನು ಮುಚ್ಚಿರಬೇಕು, ಇಲ್ಲವಾದರೆ ಕಡತ ಬಳಕೆಯಲ್ಲಿದೆ ಎಂದು ವಿಂಡೋಸ್ ತಕರಾರು ಮಾಡುತ್ತದೆ.

ಇಲ್ಲಿ ಅಂಗಡಿಯವರನ್ನು ಒಂದು ಪ್ರಶ್ನೆ ಕೇಳಲೇಬೇಕು: ಇದ್ದ ವಿಂಡೋಸ್‌ನ ಮೇಲೆಯೇ ಹೊಸದನ್ನು ಏರಿಸಿದರೋ, ಅಥವಾ ಡಿಸ್ಕ್ ಅಳಿಸಿ, ಅಂದರೆ 'ಫಾರ್ಮ್ಯಾಟ್' ಮಾಡಿ ಹಾಕಿದರೋ? ಎರಡೂ ಗ್ರಾಹಕನ ಕಣ್ಣಿಗೆ ಒಂದೇ. ಮೊದಲನೆಯದರಲ್ಲಿ ಕಡತಗಳು ಉಳಿಯುತ್ತವೆ. ಜೊತೆಗೆ ಹಿಂದಿನ ವ್ಯವಸ್ಥೆಯು 'ವಿಂಡೋಸ್.ಓಲ್ಡ್' ಎಂಬ ಕೋಶದಲ್ಲಿ ಹತ್ತು ದಿನ ಇರುತ್ತದೆ. ಆ ಅವಧಿಯೊಳಗೆ ಸೆಟ್ಟಿಂಗ್ಸ್‌ನ 'ರಿಕವರಿ' ವಿಭಾಗದಿಂದ ಹಳೆಯ ವ್ಯವಸ್ಥೆಗೆ ಮರಳಲೂ ಅವಕಾಶವಿದೆ. ಹತ್ತು ದಿನ ಕಳೆದ ಮೇಲೆ ವಿಂಡೋಸ್ ಆ ಕೋಶವನ್ನು ತಾನಾಗಿಯೇ ಅಳಿಸುತ್ತದೆ. ಎರಡನೆಯ ವಿಧಾನದಲ್ಲಿ, ಅಂದರೆ ಫಾರ್ಮ್ಯಾಟ್ ಮಾಡಿದ್ದರೆ, ಮೊದಲೇ ತೆಗೆದಿಟ್ಟ ನಕಲೊಂದೇ ಗತಿ. ಅಂಗಡಿಯವರು 'ಡಿ ಡ್ರೈವ್ ಮುಟ್ಟಿಲ್ಲ' ಎಂದು ಧೈರ್ಯ ಹೇಳಬಹುದು. ಆದರೆ ಇ-ಮೇಲ್ ಕಡತಗಳು ಸಾಮಾನ್ಯವಾಗಿ ಇರುವುದು ಸಿ ಡ್ರೈವ್‌ನಲ್ಲಿ.

ಹೊಸ ಯಂತ್ರ ಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಕನಿಷ್ಠ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ ಬೇಕು. ಇವು ಇಲ್ಲದ ಯಂತ್ರಗಳು ವಿನಿಮಯಕ್ಕೋ ಗುಜರಿಗೋ ಹೋಗುತ್ತಿವೆ. ಅದರೊಳಗಿನ ಹಾರ್ಡ್‌ಡಿಸ್ಕ್ ಬಿಚ್ಚಿ ಇಟ್ಟುಕೊಳ್ಳದೆ ಯಂತ್ರವನ್ನು ಕೊಟ್ಟರೆ ಪತ್ರಗಳು ಮಾತ್ರವಲ್ಲ, ಉಳಿಸಿಟ್ಟ ಗುಪ್ತಪದಗಳೂ ಪರರ ಕೈಗೆ ಹೋದಂತೆ.

ದೋಷ ಎಲ್ಲಿದೆ?

ಪತ್ರಗಳು ಸುರಕ್ಷಿತವೆಂದು ಖಚಿತವಾದ ಮೇಲೆ ದೋಷ ಹುಡುಕಬಹುದು. ಬ್ರೌಸರ್‌ನಲ್ಲಿ ಖಾತೆ ತೆರೆದರೆ ಅಂತರ್ಜಾಲವೂ ಸರಿ, ಖಾತೆಯೂ ಸರಿ. ತೊಂದರೆ ಯಂತ್ರದಲ್ಲಿರುವ ಇ-ಮೇಲ್ ತಂತ್ರಾಂಶ ಮತ್ತು ಸರ್ವರ್‌ಗಳ ನಡುವಿನದು. ಬ್ರೌಸರ್‌ನಲ್ಲೂ ತೆರೆಯದಿದ್ದರೆ ಮೊಬೈಲ್‌ನ ಹಾಟ್‌ಸ್ಪಾಟ್ ಮೂಲಕ ಗಣಕಯಂತ್ರವನ್ನು ಸಂಪರ್ಕಿಸಿ ನೋಡಬೇಕು. ಆಗ ತೆರೆದರೆ ಮನೆಯ ಅಥವಾ ಕಚೇರಿಯ ಸಂಪರ್ಕದ್ದೇ ದೋಷ, ವಿಂಡೋಸ್‌ನದಲ್ಲ. ಈ ಎರಡು ಪರೀಕ್ಷೆಗೆ ಐದು ನಿಮಿಷ ಸಾಕು. ಯಂತ್ರವನ್ನು ಹೊತ್ತು ಶಿವಮೊಗ್ಗಕ್ಕೆ ಬಸ್ ಹತ್ತುವುದು ತಪ್ಪಬಹುದು.

ಪರದೆಯ ಮೇಲಿನ ಸಂಕೇತವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಔಟ್‌ಲುಕ್ ಬಳಗದ ತಂತ್ರಾಂಶಗಳಲ್ಲಿ '0ಎಕ್ಸ್800ಸಿಸಿಸಿ0ಡಿ' ಎಂದು ಬಂದರೆ ಸರ್ವರ್‌ನ ಹೆಸರೇ ಸಿಗಲಿಲ್ಲ ಎಂದರ್ಥ, ಕಾಗುಣಿತ ತಪ್ಪಿರಬಹುದು. ಕೊನೆಯ ಅಕ್ಷರ 'ಇ' ಆಗಿದ್ದರೆ ಹೆಸರು ಸಿಕ್ಕಿದೆ, ಬಾಗಿಲು ತೆರೆಯಲಿಲ್ಲ. ಕೊನೆಯಲ್ಲಿ '92' ಇದ್ದರೆ ಬಾಗಿಲು ತೆರೆದರೂ ಗುಪ್ತಪದವನ್ನು ಒಪ್ಪಲಿಲ್ಲ.

ಅನೇಕರ ವಿಷಯದಲ್ಲಿ ತಂತ್ರಾಂಶವೇ ಕಾಲವಾಗಿದೆ ಎಂಬುದು ಮೊದಲ ಸಂಗತಿ. ವಿಂಡೋಸ್ ಎಕ್ಸ್‌ಪಿಯ ಜೊತೆ ಬರುತ್ತಿದ್ದ ಔಟ್‌ಲುಕ್ ಎಕ್ಸ್‌ಪ್ರೆಸ್ ನಂತರದ ವಿಂಡೋಸ್‌ಗಳಲ್ಲಿ ಇಲ್ಲ. ಅದರ ಸ್ಥಾನಕ್ಕೆ ಬಂದ ವಿಂಡೋಸ್ ಲೈವ್ ಮೇಲ್‌ಗೆ ಬೆಂಬಲ 2017ರ ಜನವರಿ 10ಕ್ಕೆ ಮುಗಿಯಿತು. ವಿಂಡೋಸ್ 10ರ ಜೊತೆ ಬಂದ, ನೀಲಿ ಲಕೋಟೆಯ ಗುರುತಿನ 'ಮೇಲ್' ತಂತ್ರಾಂಶದ ಬೆಂಬಲ 2024ರ ಡಿಸೆಂಬರ್ 31ಕ್ಕೆ ನಿಂತಿತು. ಆ ಬಳಿಕ ಅದರಿಂದ ಪತ್ರ ಕಳುಹಿಸಲೂ ಪಡೆಯಲೂ ಬರುವುದಿಲ್ಲ. ಇಂತಹವುಗಳನ್ನು ದುರಸ್ತಿ ಮಾಡಲು ಹೊರಡುವುದು ವ್ಯರ್ಥ ಶ್ರಮ.

ಗುಪ್ತಪದ ಸರಿಯಿದ್ದರೂ ತಪ್ಪು

ಅತಿ ಹೆಚ್ಚು ತಲೆಕೆಡಿಸುವುದು ಗುಪ್ತಪದದ ಸಮಸ್ಯೆ. ಬ್ರೌಸರ್‌ನಲ್ಲಿ ಒಪ್ಪಿತವಾದ ಅದೇ ಗುಪ್ತಪದವನ್ನು ಇ-ಮೇಲ್ ತಂತ್ರಾಂಶದಲ್ಲಿ ಹಾಕಿದರೆ ತಿರಸ್ಕೃತವಾಗುತ್ತದೆ. ಬಳಕೆದಾರ ತನ್ನನ್ನೇ ಸಂಶಯಿಸಿಕೊಂಡು ಗುಪ್ತಪದ ಬದಲಿಸುತ್ತಾನೆ. ಅಲ್ಲಿಗೆ ಮೊಬೈಲ್‌ನಲ್ಲೂ ಇ-ಮೇಲ್ ನಿಲ್ಲುತ್ತದೆ.

ನಿಜವಾದ ಕಾರಣ ಬೇರೆ. ಕೇವಲ ಹೆಸರು ಮತ್ತು ಗುಪ್ತಪದದ ಮೇಲೆ ಹೊರಗಿನ ತಂತ್ರಾಂಶಗಳಿಗೆ ಪ್ರವೇಶ ಕೊಡುವುದನ್ನು ದೊಡ್ಡ ಸಂಸ್ಥೆಗಳು ಕೈಬಿಟ್ಟಿವೆ. ಗೂಗಲ್ ಸಂಸ್ಥೆ ವೈಯಕ್ತಿಕ ಜಿಮೇಲ್ ಖಾತೆಗಳಿಗೆ 2022ರ ಮೇ 30ರಿಂದ ಇದನ್ನು ನಿಲ್ಲಿಸಿತು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್.ಕಾಮ್ ಮತ್ತು ಹಾಟ್‌ಮೇಲ್ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ನಿಲ್ಲಿಸಿತು. (1996ರಲ್ಲಿ ಹಾಟ್‌ಮೇಲ್ ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು. ಆ ಕಾಲದ ಹಾಟ್‌ಮೇಲ್ ವಿಳಾಸವನ್ನು ಇಂದಿಗೂ ಬಳಸುವವರು ನಮ್ಮಲ್ಲಿದ್ದಾರೆ.) ಈಗ ತಂತ್ರಾಂಶವು ಬ್ರೌಸರ್ ಮಾದರಿಯ ಕಿಟಕಿ ತೆರೆದು, ಅಲ್ಲಿ ಗುಪ್ತಪದ ಹಾಗೂ ಮೊಬೈಲ್ ದೃಢೀಕರಣ ಪಡೆದು, ಒಂದು ಅನುಮತಿ ಚೀಟಿಯನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಈ ಕ್ರಮ ತಿಳಿಯದ ಹಳೆಯ ತಂತ್ರಾಂಶಗಳಿಗಾಗಿ ಗೂಗಲ್ 16 ಅಕ್ಷರಗಳ 'ಆಪ್ ಪಾಸ್‌ವರ್ಡ್' ಎಂಬ ಪ್ರತ್ಯೇಕ ಗುಪ್ತಪದ ಕೊಡುತ್ತದೆ. ಎರಡು ಹಂತದ ದೃಢೀಕರಣ ಸಕ್ರಿಯವಾಗಿದ್ದರಷ್ಟೇ ಅದು ಲಭ್ಯ.

'ನಿನ್ನೆವರೆಗೆ ಬರುತ್ತಿತ್ತಲ್ಲ' ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಆಪ್ ಪಾಸ್‌ವರ್ಡನ್ನು ಯಾರೋ ಒಮ್ಮೆ ಹಾಕಿಕೊಟ್ಟಿರುತ್ತಾರೆ; ಅದು ಪರದೆಯ ಮೇಲೆ ಕಾಣುವುದು ಒಂದೇ ಸಲ; ಯಂತ್ರ ಅದನ್ನು ನೆನಪಿಟ್ಟುಕೊಂಡಿರುತ್ತದೆ, ಮನುಷ್ಯರು ಮರೆತಿರುತ್ತಾರೆ. ಹೊಸ ವಿಂಡೋಸ್ ಏರಿಸುವಾಗ ಯಂತ್ರದ ಆ ನೆನಪು ಅಳಿದರೆ ಮತ್ತೆ ಗುಪ್ತಪದ ಕೇಳುತ್ತದೆ. ಹಳೆಯದನ್ನು ಹುಡುಕುವ ಅಗತ್ಯವಿಲ್ಲ. ಗೂಗಲ್ ಖಾತೆಯ ಭದ್ರತಾ ಪುಟದಲ್ಲಿ ಹೊಸದೊಂದನ್ನು ಪಡೆದರಾಯಿತು. ಖಾತೆಯ ಮುಖ್ಯ ಗುಪ್ತಪದ ಬದಲಿಸಿದರೆ ಎಲ್ಲ ಆಪ್ ಪಾಸ್‌ವರ್ಡ್‌ಗಳೂ ರದ್ದಾಗುತ್ತವೆ ಎಂಬುದು ನೆನಪಿರಲಿ.

ಬಾಗಿಲಿನ ಸಂಖ್ಯೆ, ಗೋಡೆಯ ಗಡಿಯಾರ

ಸರ್ವರ್‌ಗೆ ಹೋಗುವ ದಾರಿಗಳಿಗೆ ಸಂಖ್ಯೆಗಳಿವೆ. ಪೋರ್ಟ್ ಎಂದು ಕರೆಯುತ್ತಾರೆ. ಹಿಂದೆ ಪಾಪ್‌ಗೆ 110, ಐಮ್ಯಾಪ್‌ಗೆ 143, ಕಳುಹಿಸಲು 25 ಬಳಸುತ್ತಿದ್ದರು. ಇವು ಪತ್ರವನ್ನು ಲಕೋಟೆಯಿಲ್ಲದೆ, ತೆರೆದ ಕಾರ್ಡಿನಂತೆ ಒಯ್ಯುತ್ತಿದ್ದವು. ಗೂಢಲಿಪಿಯಲ್ಲಿ ಒಯ್ಯಲು ಪಾಪ್‌ಗೆ 995, ಐಮ್ಯಾಪ್‌ಗೆ 993, ಕಳುಹಿಸಲು 465 ಅಥವಾ 587 ಎಂದಿರಬೇಕು. ಪತ್ರಗಳು ಬರುತ್ತವೆ, ಆದರೆ ಹೋಗುವುದಿಲ್ಲ ಎಂಬ ದೂರಿಗೆ ಪರಿಹಾರ ಬಹುಪಾಲು ಇಲ್ಲೇ. ಕಳುಹಿಸುವ ಸರ್ವರ್‌ಗೂ ದೃಢೀಕರಣ ಬೇಕು ಎಂಬ ಚೌಕಕ್ಕೆ ಗುರುತು ಹಾಕಿ, 25ನ್ನು 587 ಮಾಡಿದರೆ ಹೊರಗಂಚೆಯಲ್ಲಿ ಸಿಕ್ಕಿಕೊಂಡ ಪತ್ರಗಳು ಹೊರಡುತ್ತವೆ.

ಗೂಢಲಿಪಿಯ ವಿಧಾನಕ್ಕೂ ವಯಸ್ಸಿದೆ. ಟಿಎಲ್‌ಎಸ್ ಎಂಬ ಈ ಕ್ರಮದ 1.0 ಆವೃತ್ತಿ 1999ರದು, ಅದನ್ನೂ 1.1 ಆವೃತ್ತಿಯನ್ನೂ 2021ರ ಮಾರ್ಚ್‌ನಲ್ಲಿ ಅಂತರ್ಜಾಲದ ಮಾನಕ ಸಂಸ್ಥೆ ಅಧಿಕೃತವಾಗಿ ಕೈಬಿಟ್ಟಿತು. ಮುಂಬರುವ ವಿಂಡೋಸ್‌ಗಳಲ್ಲಿ ಇವನ್ನು ನಿಷ್ಕ್ರಿಯವಾಗಿಯೇ ಇರಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿತು. ಜಿಮೇಲ್‌ನಂತಹ ದೊಡ್ಡ ಸೇವೆಗಳ ಬಳಕೆದಾರರಿಗೆ ಇದರಿಂದ ಬಾಧೆಯಿಲ್ಲ. ಆದರೆ ಸ್ವಂತ ಹೆಸರಿನ ವಿಳಾಸವಿರುವ ವಿದ್ಯಾಸಂಸ್ಥೆ, ಸಂಘಗಳ ಸರ್ವರ್‌ಗಳು ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಭಾಷೆಯಲ್ಲೇ ಮಾತನಾಡುತ್ತಿರಬಹುದು. ವಿಂಡೋಸ್‌ನ ಒಳಗೆ ತಿದ್ದಿ ಹಳೆಯದನ್ನು ಮತ್ತೆ ತೆರೆಯುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಸಲ್ಲದು. ಸರ್ವರ್ ನಡೆಸುವವರಿಗೆ ತಿಳಿಸಿ ಸರಿಪಡಿಸಿಕೊಳ್ಳುವುದೇ ಮಾರ್ಗ.

ಗಡಿಯಾರದ ವಿಷಯವನ್ನು ಯಾರೂ ಗಮನಿಸುವುದಿಲ್ಲ. ಸರ್ವರ್ ತೋರುವ ಪ್ರಮಾಣಪತ್ರಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಗಣಕಯಂತ್ರದ ದಿನಾಂಕ ಎಂಟು ವರ್ಷ ಹಿಂದಿದ್ದರೆ ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲವೆಂದು ಭಾವಿಸಿ ಸಂಪರ್ಕ ನಿರಾಕರಿಸುತ್ತದೆ. ಮದರ್‌ಬೋರ್ಡ್‌ನ ಮೇಲಿನ ಸಿಆರ್ 2032 ಎಂಬ ನಾಣ್ಯದಾಕಾರದ ಬ್ಯಾಟರಿ ಸತ್ತಿರುವ ಹಳೆಯ ಯಂತ್ರದಲ್ಲಿ ಪ್ರತಿ ಸಲ ವಿದ್ಯುತ್ ಹೋದಾಗಲೂ ದಿನಾಂಕ ಹಿಂದೆ ಸರಿಯುತ್ತದೆ. ಮಳೆಗಾಲದಲ್ಲಿ ವಿದ್ಯುತ್ತು ದಿನಕ್ಕೆ ಹಲವು ಸಲ ಹೋಗಿ ಬರುವ ಸೊರಬ, ಆನವಟ್ಟಿ ಕಡೆಯವರು ಇದನ್ನು ಮೊದಲೇ ನೋಡಿಕೊಳ್ಳುವುದು ಲೇಸು. ಆ ಬ್ಯಾಟರಿ ದುಬಾರಿಯದೇನಲ್ಲ. ಕಾಲವಲಯವು ಭಾರತದ್ದೇ, ಅಂದರೆ ಐದೂವರೆ ಗಂಟೆ ಮುಂದಿನದ್ದೇ ಆಗಿದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಇನ್ನು ವೈರಸ್ ನಿರೋಧಕ ತಂತ್ರಾಂಶ. ಪತ್ರಗಳನ್ನು ನಡುದಾರಿಯಲ್ಲಿ ತಡೆದು ಪರಿಶೀಲಿಸುವ ಅದರ ಸೌಲಭ್ಯವು ವಿಂಡೋಸ್ ಬದಲಾದ ಮೇಲೆ ದಾರಿಯನ್ನೇ ಮುಚ್ಚುವುದುಂಟು. ಆ ಸೌಲಭ್ಯವೊಂದನ್ನೇ ನಿಲ್ಲಿಸಿ ನೋಡಿದರೆ ತಿಳಿಯುತ್ತದೆ.

ಕನ್ನಡ ಅಕ್ಷರ ಕೆಟ್ಟಿದ್ದರೆ

ಸಂಪರ್ಕ ಸರಿಹೋದ ಮೇಲೆ ಕೆಲವರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಹಳೆಯ ಕನ್ನಡ ಪತ್ರಗಳನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಗೊಂದಲ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸುವವರಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಪತ್ರಗಳಿವು. ಆ ಅಕ್ಷರಶೈಲಿ ಹೊಸ ವ್ಯವಸ್ಥೆಯಲ್ಲಿ ಇಲ್ಲದಿರುವುದಷ್ಟೇ ಕಾರಣ. ಅದನ್ನು ಮತ್ತೆ ಸ್ಥಾಪಿಸಿದರೆ ಅಕ್ಷರಗಳು ಮರಳುತ್ತವೆ. ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನವಿದೆ.

ಮುಂದೆ ಯಾವುದು?

ವಿಂಡೋಸ್ 11ರಲ್ಲಿ 'ಹೊಸ ಔಟ್‌ಲುಕ್' ತಾನಾಗಿಯೇ ಮುಂದೆ ಬಂದು ನಿಲ್ಲುತ್ತದೆ. ಬಳಸಲು ಸರಳ. ಆದರೆ ಜಿಮೇಲ್‌ನಂತಹ ಹೊರಗಿನ ಖಾತೆಯನ್ನು ಅದಕ್ಕೆ ಜೋಡಿಸಿದರೆ ಪತ್ರಗಳ ಪ್ರತಿ ಮೈಕ್ರೋಸಾಫ್ಟ್‌ನ ಸರ್ವರ್‌ಗಳಲ್ಲೂ ಸಂಗ್ರಹವಾಗುತ್ತದೆ. ಸಾಮಾನ್ಯ ಬಳಕೆದಾರರಿಗೆ ಇದರಿಂದ ತೊಂದರೆಯಿಲ್ಲ ಎನ್ನಬಹುದು. ಕಕ್ಷಿದಾರರ ಕಾಗದಪತ್ರ ನಿರ್ವಹಿಸುವ ವಕೀಲರು, ಲೆಕ್ಕಪರಿಶೋಧಕರು ಯೋಚಿಸಿ ಒಪ್ಪಬೇಕು. ಮೊಜಿಲ್ಲಾ ಬಳಗದ ಥಂಡರ್‌ಬರ್ಡ್ ಉಚಿತ. ಪಾಪ್, ಐಮ್ಯಾಪ್ ಎರಡನ್ನೂ ಬಲ್ಲದು. ಪತ್ರಗಳನ್ನು ನೇರವಾಗಿ ಯಂತ್ರಕ್ಕೇ ತರುತ್ತದೆ. ಪಾಪ್ ಕಾಲದ ಪತ್ರಗಳುಳ್ಳವರಿಗೆ ಇದೇ ಹೆಚ್ಚು ಅನುಕೂಲ.

ಥಂಡರ್‌ಬರ್ಡ್‌ನಲ್ಲೇ ಆಗಲಿ ಔಟ್‌ಲುಕ್‌ನ ಹಿಂದಿನ ಮಾದರಿಯಲ್ಲೇ ಆಗಲಿ, ಹಳೆಯ ಪಾಪ್ ಖಾತೆಯನ್ನು ಹಾಗೆಯೇ ಇಟ್ಟು ಅದೇ ವಿಳಾಸವನ್ನು ಐಮ್ಯಾಪ್ ಆಗಿ ಇನ್ನೊಮ್ಮೆ ಸೇರಿಸಬಹುದು. ಬಳಿಕ ಹಳೆಯ ಕೋಶದಿಂದ ಹೊಸ ಕೋಶಕ್ಕೆ ಪತ್ರಗಳನ್ನು ಎಳೆದು ಹಾಕಿದರೆ ಅವು ಸರ್ವರ್‌ಗೆ ಏರುತ್ತವೆ. ಎಲ್ಲವನ್ನೂ ಒಮ್ಮೆಗೇ ಎಳೆಯುವುದು ಬೇಡ. ಸಂಪರ್ಕ ಕಡಿದರೆ ಎಲ್ಲಿಗೆ ನಿಂತಿತೆಂದು ತಿಳಿಯುವುದಿಲ್ಲ. ವರ್ಷಕ್ಕೊಂದು ಕೋಶ ಮಾಡಿಕೊಂಡು, ಒಂದು ಬಾರಿಗೆ ಇನ್ನೂರು ಪತ್ರ, 'ಸ್ಥಳಾಂತರಿಸು' ಬದಲು 'ನಕಲಿಸು' ಆರಿಸಿಕೊಂಡು ಸಾಗಿಸಬೇಕು. ಗೂಗಲ್ ಉಚಿತವಾಗಿ ಕೊಡುವ 15 ಗಿಗಾಬೈಟ್‌ನಲ್ಲಿ ಫೋಟೋಗಳೂ ಪಾಲು ಪಡೆಯುತ್ತವೆ ಎಂಬುದರ ಲೆಕ್ಕವೂ ಇರಲಿ.

ಇಷ್ಟೆಲ್ಲ ಶ್ರಮವೇಕೆ, ಹೊಸ ವಿಳಾಸವನ್ನೇ ತೆರೆದರಾಗದೇ ಎನ್ನುವವರಿದ್ದಾರೆ. ಹಳೆಯ ವಿಳಾಸ ಕೇವಲ ಪತ್ರಪೆಟ್ಟಿಗೆಯಾಗಿ ಉಳಿದಿಲ್ಲ. ಜಿಎಸ್‌ಟಿ ನೋಂದಣಿಯಲ್ಲಿ, ಆದಾಯ ತೆರಿಗೆಯ ಇ-ಫೈಲಿಂಗ್‌ನಲ್ಲಿ, ಬ್ಯಾಂಕಿನಲ್ಲಿ ಕೊಟ್ಟಿರುವುದು ಅದೇ ವಿಳಾಸ. ಒಟಿಪಿ, ನೋಟಿಸು ಬರುವುದು ಅಲ್ಲಿಗೇ. ಉತ್ತರಿಸಲು ಗಡುವಿರುವ ನೋಟಿಸೊಂದು ತೆರೆಯದ ಪೆಟ್ಟಿಗೆಯಲ್ಲಿ ಕುಳಿತಿರಬಹುದು. ಮೇಲಾಗಿ, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ದುರಸ್ತಿಯನ್ನು ಮುಂದೂಡಿದರೂ ಬ್ರೌಸರ್‌ನಲ್ಲಿ ಆಗಾಗ ತೆರೆದು ನೋಡುತ್ತಿರಬೇಕು. ಖಾತೆಯ ಮರುಪಡೆಯುವಿಕೆಗೆ ಕೊಟ್ಟ ಮೊಬೈಲ್ ಸಂಖ್ಯೆ ಈಗಲೂ ತಮ್ಮದೇ ಎಂಬುದನ್ನು ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಪರಿಹಾರ ಹುಡುಕುವಾಗ ಅಂತರ್ಜಾಲದಲ್ಲಿ ಸಿಗುವ 'ಗ್ರಾಹಕ ಸೇವಾ' ದೂರವಾಣಿ ಸಂಖ್ಯೆಗಳಿಗೆ ಕರೆ ಮಾಡುವುದು ಅಪಾಯಕರ. ದೂರದಿಂದ ಯಂತ್ರ ನಿಯಂತ್ರಿಸುವ ತಂತ್ರಾಂಶ ಹಾಕಿಸಿ, ಒಟಿಪಿ ಪಡೆದು ಬ್ಯಾಂಕ್ ಖಾತೆ ಬರಿದು ಮಾಡುವ ಜಾಲಗಳು ಇಂತಹ ತೊಂದರೆಯಲ್ಲಿರುವವರನ್ನೇ ಕಾಯುತ್ತಿರುತ್ತವೆ. ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ತಿಳಿಸಬೇಕು.

ಎಲ್ಲ ಮುಗಿದ ಮೇಲೆ ಹೊಸ ವ್ಯವಸ್ಥೆಯಿಂದ ತಮ್ಮದೇ ವಿಳಾಸಕ್ಕೆ ಒಂದು ಪತ್ರ, ಪುಟ್ಟ ಕಡತವೊಂದನ್ನು ಲಗತ್ತಿಸಿ, ಕಳುಹಿಸಿ ನೋಡಿ. ಅದು ಹೋಗಿ, ಮರಳಿ ಬಂದು, ಮೊಬೈಲ್‌ನಲ್ಲೂ ಕಂಡರೆ ಎರಡೂ ದಿಕ್ಕಿನ ದಾರಿ ಸರಿಯಾಗಿದೆ. ನಕಲು ಮಾಡಿಟ್ಟ ಪಿಎಸ್‌ಟಿ ಕಡತವನ್ನು ಇನ್ನೊಂದು ಯಂತ್ರದಲ್ಲಿ ತೆರೆದು, ಅತ್ಯಂತ ಹಳೆಯ ಪತ್ರವೊಂದನ್ನು ಓದಿ ಖಚಿತಪಡಿಸಿಕೊಂಡ ಬಳಿಕವಷ್ಟೇ ಹಳೆಯ ಖಾತೆಯ ಮೇಲಿನ 'ತೆಗೆದುಹಾಕು' ಗುಂಡಿಯನ್ನು ಒತ್ತಬಹುದು.